ಮಧ್ಯಾಹ್ನದ ವಿಧುರ

ಉಪ್ಪು ಸರಿಯಾಗಿದೆ ಎಂದು ಅವನು ಹೇಳಿದ. ಹೇಳುವಾಗ ಚಮಚ ಇನ್ನೂ ತುಟಿಯ ಹತ್ತಿರವೇ ಇತ್ತು, ನಾಲಿಗೆ ಗಂಟಲ ಕಡೆಗೆ ಸುರುಟಿಕೊಂಡಿತ್ತು. ಹೆಂಡತಿ ಸೌಟು ಹಿಡಿದುಕೊಂಡು ಅವನ ಮುಖವನ್ನೇ ನೋಡುತ್ತಿದ್ದಳು. "ನಿಜವಾಗ್ಲೂ?" ಅಂದಳು. "ನಿಜವಾಗ್ಲೂ." "ಹುಳಿ ಒಂಚೂರು ಮುಂದಾಗಿಲ್ಲ ತಾನೆ?" "ಇಲ್ವೇ. ಮೊದ್ಲಿನ ಹಾಗೇ ಇದೆ." ಮೊದಲಿನ ಹಾಗೆ ಎಂಬ ಮಾತು ಬಾಯಿಂದ ಬಿದ್ದ ಕೂಡಲೇ ಅವಳ ಹೆಗಲು ಒಂದಿಷ್ಟು ಕೆಳಗಿಳಿಯಿತು, ಒಲೆಯ ಕಡೆ ತಿರುಗಿ ಡಬ್ಬಿಗೆ ಅನ್ನ ಒತ್ತತೊಡಗಿದಳು. ಆ ಹೆಗಲು ಇಳಿಯುವುದನ್ನು ನೋಡುವುದಕ್ಕಾಗಿಯೇ ತಾನು ದಿನಾ ಬೆಳಿಗ್ಗೆ ಸುಳ್ಳು ಹೇಳುತ್ತೇನೆ ಎಂದು ಅವನು ತನಗೆ ತಾನೇ ಸಮಜಾಯಿಷಿ ಕೊಟ್ಟುಕೊಂಡಿದ್ದ. ಆದರೆ ಇವತ್ತು, ಬೂಟಿನ ದಾರ ಕಟ್ಟಲು ಬಗ್ಗಿದಾಗ, ಸುಳ್ಳು ಇಷ್ಟು ಸಲೀಸಾಗಿ ಬಂದದ್ದು ನೆನೆದು ಕಿವಿ ಬಿಸಿಯಾಯಿತು. ಕನಿಕರ ಇಷ್ಟು ಸಲೀಸಾಗಿರುವುದಿಲ್ಲ. ಇದು ಕನಿಕರವಲ್ಲ, ಅಭ್ಯಾಸ.

ಅವಳ ಕೈರುಚಿ ಎಂದರೆ ಒಂದು ಕಾಲಕ್ಕೆ ಬಂಧುಬಳಗದಲ್ಲೆಲ್ಲ ಮಾತಾಗಿತ್ತು. ಅವನ ತಾಯಿಯೇ, ಸೊಸೆಯನ್ನು ಹೊಗಳುವುದೆಂದರೆ ಕೈಯಿಂದ ದುಡ್ಡು ಬಿಚ್ಚಿದಷ್ಟು ಸಂಕಟಪಡುತ್ತಿದ್ದವಳು, "ಅವಳು ಬರೀ ನೀರು ಕಾಯಿಸಿಕೊಟ್ರೂ ಸಾರಿನ ಹಾಗಿರತ್ತೆ" ಅಂದಿದ್ದಳು. ಈ ದೇಶಕ್ಕೆ ಬಂದ ಮೇಲೂ, ಕಿಟಕಿ ತೆರೆಯಲಾಗದ ಈ ಸಣ್ಣ ಮನೆಯಲ್ಲೂ, ಅವಳು ಒಗ್ಗರಣೆ ಹಾಕಿದರೆ ಮೆಟ್ಟಿಲು ಹತ್ತುತ್ತಿದ್ದ ಅಪರಿಚಿತರು ಒಂದು ಗಳಿಗೆ ನಿಂತು ಮುಂದೆ ಹೋಗುತ್ತಿದ್ದರು. ಆಮೇಲೆ ಆ ಜ್ವರ ಬಂತು. ವಾರಗಟ್ಟಲೆ ಮಲಗಿ ಎದ್ದವಳ ಮೂಗೂ ಹೋಗಿತ್ತು, ನಾಲಿಗೆಯೂ ಹೋಗಿತ್ತು. "ಬರಬಹುದು, ಬರದೆಯೂ ಇರಬಹುದು" ಅಂದರು ಡಾಕ್ಟರು, ಬಸ್ಸಿನ ವಿಷಯ ಹೇಳಿದ ಹಾಗೆ. ಎದ್ದ ಮೊದಲ ದಿನ ಅವಳು ಸಾರು ಮಾಡಿ, ಬಡಿಸಿ, ಎದುರಿಗೆ ಕೂತು, ಹೇಗಿದೆ ಎಂದು ಕೇಳಿದ್ದಳು. ಬಾಯಿಗಿಡಲಾಗುತ್ತಿರಲಿಲ್ಲ. ಅವಳ ಕಣ್ಣಿನ ಸುತ್ತ ಇನ್ನೂ ಜ್ವರದ ಕಪ್ಪು ಇತ್ತು. ಚೆನ್ನಾಗಿದೆ ಅಂದ. ಅಂದು ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಒಂದು ದಿನದ ಗಡುವು ಇತ್ತೇನೋ. ಎರಡನೆಯ ದಿನ ತೆಗೆದುಕೊಂಡರೆ ಮೊದಲ ದಿನದ್ದು ಸುಳ್ಳಾಗುತ್ತದೆ, ಹತ್ತನೆಯ ದಿನ ತೆಗೆದುಕೊಂಡರೆ ಮನುಷ್ಯನೇ ಸುಳ್ಳಾಗುತ್ತಾನೆ. ಅವಳು ಉಪ್ಪು ಹಾಕಿದ್ದನ್ನು ಮರೆತು ಇನ್ನೊಮ್ಮೆ ಹಾಕುತ್ತಿದ್ದಳು, ಕೆಲವು ದಿನ ಹಾಕುತ್ತಲೇ ಇರಲಿಲ್ಲ. ಖಾರವಂತೂ ಕೈಗೆ ಬಂದಷ್ಟು ಸುರಿಯುತ್ತಿದ್ದಳು. ಎರಡೂ ಸೇರಿ ತಡೆಯಲಾರದೆ ಒಂದು ದಿನ, "ನೋಡು, ನನ್ನ ಹೊಟ್ಟೆಗೆ ಈಗ ಖಾರ ಆಗ್ತಿಲ್ಲ, ಕಡಿಮೆ ಮಾಡಿಬಿಡು" ಅಂದಿದ್ದ. ಅವಳು ಮೆಣಸಿನಪುಡಿಯ ಡಬ್ಬಿಯನ್ನು ಮೇಲಿನ ಕಪಾಟಿಗೆ ಎತ್ತಿಟ್ಟಿದ್ದಳು.

ಅವನ ಕೆಲಸ ಒಂದು ಡೆಂಟಲ್ ಲ್ಯಾಬಿನಲ್ಲಿ ಹಲ್ಲು ಮಾಡುವುದು. ದಂತವೈದ್ಯರು ಕಳಿಸುವ ಅಚ್ಚುಗಳು ಬೆಳಿಗ್ಗೆ ಪೆಟ್ಟಿಗೆಯಲ್ಲಿ ಬರುತ್ತವೆ. ಅವಕ್ಕೆ ಪ್ಲಾಸ್ಟರ್ ಸುರಿದು ಬಾಯಿಗಳನ್ನು ತೆಗೆದು, ಮೇಣದಲ್ಲಿ ಹಲ್ಲು ತಿದ್ದಿ, ಪಿಂಗಾಣಿಯ ಪುಡಿಯನ್ನು ಕುಂಚದಲ್ಲಿ ಪದರ ಪದರವಾಗಿ ಹಚ್ಚಿ ಕುಲುಮೆಗೆ ಇಡುವುದು. ನೆಲಮಾಳಿಗೆಯ ಆ ಕೋಣೆಯಲ್ಲಿ ಅವನ ಸುತ್ತ ಯಾವಾಗಲೂ ಯಾರು ಯಾರದೋ ಬಾಯಿಗಳು ತೆರೆದುಕೊಂಡು ಕೂತಿರುತ್ತಿದ್ದವು. ಒಂದು ಹಲ್ಲಿಗೆ ಸರಿಯಾದ ಬಿಳುಪು ಎಂದರೆ ಬಿಳುಪಲ್ಲ, ಚಹಾ ಕುಡಿದ ಬಿಳುಪು, ವಯಸ್ಸಾದ ಬಿಳುಪು ಎಂದು ಅವನಿಗೆ ಗೊತ್ತಿತ್ತು; ಸುಳ್ಳು ಹಲ್ಲು ನಿಜದ ಹಲ್ಲುಗಳ ನಡುವೆ ಸಿಕ್ಕಿಬೀಳದೆ ಕೂರಬೇಕಾದರೆ ಅದರಲ್ಲಿ ಒಂದಿಷ್ಟು ಕೊಳೆ ಬೆರೆಸಬೇಕು. ಊಟದ ಹೊತ್ತಿಗೆ ಜೊತೆಯ ಕೆಲಸಗಾರ ಹೊರಗೆ ಸಿಗರೇಟಿಗೆ ಹೋದ ಮೇಲೆ ಅವನು ಡಬ್ಬಿ ತೆಗೆದ. ಒಂದು ತುತ್ತು ತಿಂದ. ದಿನಾ ಒಂದು ತುತ್ತು ತಿನ್ನುತ್ತಿದ್ದ. ಪೂರ್ತಿ ಸುಳ್ಳಾಗದಿರಲಿ ಎಂದು. ಉಳಿದದ್ದನ್ನು ಪ್ಲಾಸ್ಟರ್ ಎಸೆಯುವ ಬಕೆಟ್ಟಿಗೆ ಸುರಿದು, ಅದರ ಮೇಲೆ ಉಳಿಕೆ ಪ್ಲಾಸ್ಟರನ್ನು ಕಲಸಿ ಹೊಯ್ದ. ಅನ್ನ, ಪಲ್ಯ, ಸಾರಿನ ಕೆಂಪು ಎಲ್ಲವೂ ಬೆಳ್ಳಗಿನ ಗಂಜಿಯ ಕೆಳಗೆ ಮುಳುಗಿ, ಅವನು ಡಬ್ಬಿ ತೊಳೆದು ಬರುವಷ್ಟರಲ್ಲಿ ಮೇಲ್ಭಾಗ ಬಿಸಿಯಾಗಿ ಗಟ್ಟಿಯಾಗತೊಡಗಿತ್ತು. ಅನ್ನವನ್ನು ಚೆಲ್ಲಬಾರದು ಎಂದು ಬಾಲ್ಯದಲ್ಲಿ ತಾಯಿ ನೆಲಕ್ಕೆ ಬಿದ್ದ ಅಗುಳನ್ನೂ ಆರಿಸಿ ತಿನ್ನಿಸುತ್ತಿದ್ದಳು. ಚೆಲ್ಲಲಿಲ್ಲ, ಹೂತೆ ಎಂದು ಒಮ್ಮೆ ಅಂದುಕೊಂಡಿದ್ದ. ಅಂದುಕೊಂಡ ಮೇಲೆ ಆ ಜಾಣತನಕ್ಕೂ ನಾಚಿದ್ದ.

ಆಮೇಲೆ ಕೋಟು ಹಾಕಿಕೊಂಡು ಮೂಲೆ ತಿರುಗಿ ಕೊರಿಯನ್ ಹೋಟೆಲಿಗೆ ನಡೆದ.

ಬೀಗ ರಿಪೇರಿ ಅಂಗಡಿಗೂ ಬಟ್ಟೆ ಒಗೆಯುವ ಯಂತ್ರಗಳ ಅಂಗಡಿಗೂ ನಡುವೆ ಸಿಕ್ಕಿಕೊಂಡ, ಆರೇಳು ಮೇಜಿನ ಜಾಗ ಅದು. ಕಿಟಕಿಯ ಗಾಜಿನ ಒಳಬದಿ ಸದಾ ಆವಿ. ಮಧ್ಯಾಹ್ನದ ಊಟ ಎಷ್ಟು ಅಗ್ಗವೆಂದರೆ ಅದನ್ನು ಖರ್ಚು ಎಂದು ಕರೆಯಲು ಮನಸ್ಸಾಗುತ್ತಿರಲಿಲ್ಲ. ಜೇಬಿನ ಚಿಲ್ಲರೆಯಲ್ಲೇ ಮುಗಿದು, ತಿಂಗಳ ಕೊನೆಗೆ ಮನೆಯಲ್ಲಿ ಉತ್ತರ ಹೇಳಬೇಕಾಗಿಯೂ ಬರುತ್ತಿರಲಿಲ್ಲ. ದುಬಾರಿಯಾಗಿದ್ದರೆ ಎಂದೋ ನಿಲ್ಲಿಸುತ್ತಿದ್ದ ಅಥವಾ ಎಂದೋ ಸಿಕ್ಕಿಬೀಳುತ್ತಿದ್ದ. ಮೊದಲ ಸಲ ಒಳಗೆ ಹೋದದ್ದು ಚಳಿ ತಡೆಯಲಾರದೆ. ಏನು ಕೇಳಬೇಕೆಂದು ತಿಳಿಯದೆ ಪಕ್ಕದ ಮೇಜಿನವರ ಬಟ್ಟಲಿಗೆ ಬೆರಳು ತೋರಿಸಿದ್ದ. ಬಂದದ್ದು ಕಲ್ಲಿನ ಬಟ್ಟಲು. ಅದರೊಳಗೆ ಕೆಂಪಗೆ ಕೊತಕೊತ ಕುದಿಯುವ ಸಾರು, ಸೋಯಾ ಹಾಲಿನ ಪನೀರಿನಂಥ ಮೆತ್ತಗಿನ ತೋಫುವಿನ ತುಂಡುಗಳು, ಪಕ್ಕದಲ್ಲಿ ಮುಚ್ಚಳವಿದ್ದ ಸ್ಟೀಲಿನ ಬಟ್ಟಲಲ್ಲಿ ಅನ್ನ. ಅದರ ಸುತ್ತ, ಕೇಳದೆಯೇ, ಅಂಗೈಯಗಲದ ತಟ್ಟೆಗಳು: ಹುಳಿ ಹಿಡಿದ ಎಲೆಕೋಸಿನ ಕಿಮ್ಚಿ, ಮೂಲಂಗಿಯ ಚೌಕಗಳು, ಮೊಳಕೆ ಕಾಳು, ಎಳ್ಳೆಣ್ಣೆ ಹಚ್ಚಿದ ಸೊಪ್ಪು, ಸಿಹಿಯೂ ಉಪ್ಪೂ ಆದ ಆಲೂಗೆಡ್ಡೆ. ತಟ್ಟೆ ಖಾಲಿಯಾದರೆ ಹೋಟೆಲು ನಡೆಸುವ ಹೆಂಗಸು ಮಾತಿಲ್ಲದೆ ಮತ್ತೆ ತುಂಬುತ್ತಿದ್ದಳು, ಅದಕ್ಕೆ ಬೇರೆ ದುಡ್ಡಿಲ್ಲ. ಮೊದಲ ಚಮಚ ನಾಲಿಗೆಗೆ ತಾಗಿದಾಗ ಅವನಿಗೆ ಅಳು ಬಂದಿತ್ತು. ಖಾರಕ್ಕೆ ಎಂದರೂ ಸರಿ. ತನ್ನ ಬಾಯಿ ಇನ್ನೂ ಬದುಕಿದೆ ಎಂಬ ಸಂತೋಷಕ್ಕೆ ಎಂದರೂ ಸರಿ. ಇದು ತನ್ನ ಊಟವಲ್ಲ, ತನ್ನ ಅಜ್ಜ ಮುತ್ತಜ್ಜ ಕನಸಿನಲ್ಲೂ ಕಂಡದ್ದಲ್ಲ, ಆದರೂ ಅನ್ನ, ಹುಳಿ, ಖಾರ, ಎಳ್ಳು, ಸೊಪ್ಪು. ಯಾರೋ ದೂರದ ದಾಯಾದಿಗಳ ಮನೆಗೆ ದಾರಿ ತಪ್ಪಿ ಬಂದಂತಿತ್ತು. ಮಾರನೆಯ ದಿನವೂ ಬಂದ. ಅದರ ಮಾರನೆಯ ದಿನವೂ.

ಹೆಂಡತಿಯನ್ನು ಒಮ್ಮೆ ಕರೆದುಕೊಂಡು ಬರಬೇಕು ಎಂದು ಅನ್ನಿಸಿದ್ದು ನಿಜ. ಅವಳಿಗೇನು ತಿಳಿಯುತ್ತದೆ ಪಾಪ, ಎಂದುಕೊಂಡದ್ದೂ ನಿಜ. ಅದರ ಕೆಳಗೆ ಇನ್ನೊಂದು ನಿಜವಿತ್ತು, ಅದನ್ನು ಅವನು ಬಗ್ಗಿ ನೋಡುತ್ತಿರಲಿಲ್ಲ: ತಾನು ಹೀಗೆ ಬೆವರು ಒರೆಸಿಕೊಳ್ಳುತ್ತ, ಬೆರಳು ನೆಕ್ಕುತ್ತ, ಕಣ್ಣು ಮುಚ್ಚಿ ತಿನ್ನುವುದನ್ನು ಅವಳು ನೋಡಬಾರದಾಗಿತ್ತು. ನೋಡಿದರೆ, ಮನೆಯಲ್ಲಿ ತಾನು ತಿನ್ನುವ ರೀತಿ ಅವಳಿಗೆ ಅರ್ಥವಾಗಿಬಿಡುತ್ತಿತ್ತು.

ಆ ಅಂಗಡಿಯ ಹೆಂಗಸು ಅರವತ್ತು ದಾಟಿದವಳು. ತೋಳಿನ ತನಕ ಮಡಚಿದ ಸ್ವೆಟರ್, ನೆರೆಗೂದಲಿಗೆ ಸಿಕ್ಕಿಸಿದ ಪೆನ್ನು. ಅವಳ ಗಂಡ ಅಡುಗೆಮನೆಯ ಸಣ್ಣ ಕಿಂಡಿಯಲ್ಲಿ ಬರೀ ಎರಡು ಕೈಗಳಾಗಿ ಕಾಣಿಸುತ್ತಿದ್ದ. ಇವನಿಗೂ ಅವಳಿಗೂ ಮಾತಾಡಲು ಇದ್ದದ್ದು ಈ ದೇಶದ ಭಾಷೆ ಒಂದೇ, ಅದು ಇಬ್ಬರಿಗೂ ಬಾಡಿಗೆಯದು. ಒಂದು ದಿನ ಅವನ ಕಣ್ಣಲ್ಲಿ ನೀರು ಕಂಡು ಅವಳು, "ಮನೇಲಿ ಅಡುಗೆ ಯಾರು ಮಾಡ್ತಾರೆ?" ಎಂದು ಕೇಳಿದಳು. "ಹೆಂಡತಿ" ಅಂದ. "ತುಂಬಾ ಚೆನ್ನಾಗಿ ಮಾಡ್ತಿದ್ದಳು." "ಮಾಡ್ತಿದ್ದಳು?" "ಹೂಂ. ಈಗ ಇಲ್ಲ." ಈಗ ಹಾಗೆ ಮಾಡಲು ಆಗುವುದಿಲ್ಲ ಎಂದು ಹೇಳಬೇಕಿತ್ತು, ಅಷ್ಟು ಉದ್ದದ ಮಾತಿಗೆ ಪದಗಳು ಒದಗಲಿಲ್ಲ. ಅವಳು ಅಂಗೈಯನ್ನು ಎದೆಗೆ ಒತ್ತಿಕೊಂಡಳು. ಒಳಗೆ ಹೋಗಿ ಕಿಂಡಿಯಲ್ಲಿ ಏನೋ ಹೇಳಿದಳು. ಸ್ವಲ್ಪ ಹೊತ್ತಿಗೆ ಒಂದು ಹುರಿದ ಮೊಟ್ಟೆ ಬಂತು, ಅಂಚು ಗರಿಗರಿ, ನಡುವೆ ಹಳದಿ ಅಲುಗಾಡುತ್ತ. ಇದು ಅವನು ಕೇಳಿದ್ದಲ್ಲ. ತಪ್ಪು ತಿಳಿದಿದ್ದೀರಿ ಎನ್ನಲು ಆಗ ಸಮಯವಿತ್ತು. ಮೊಟ್ಟೆ ಬಿಸಿಯಾಗಿತ್ತು. ತಿಂದ ಮೇಲೆ ಹೇಳೋಣ ಎಂದುಕೊಂಡ; ತಿಂದ ಮೇಲೆ ಹೇಗೆ ಹೇಳುವುದು?

ಹೀಗೆ ಅವನ ಹೆಂಡತಿ ಸತ್ತಳು. ಮಧ್ಯಾಹ್ನ ಊಟದ ಹೊತ್ತಿಗೆ ಸತ್ತು, ಸಂಜೆ ಅವನು ಮನೆಯ ಬಾಗಿಲು ತಟ್ಟಿದಾಗ ಬದುಕಿ ಬಂದು ಬಾಗಿಲು ತೆಗೆಯುತ್ತಿದ್ದಳು. ಸತ್ತವಳಿಗೆ ದಿನದಿನಕ್ಕೆ ಕಳೆ ಬರತೊಡಗಿತು. ಅಂಗಡಿಯ ಹೆಂಗಸು ಕೇಳುತ್ತಿದ್ದಳು, ಅವನು ಹೇಳುತ್ತಿದ್ದ: ಅವಳು ಹುಣಿಸೆಹಣ್ಣನ್ನು ಹೇಗೆ ಹಿಂಡುತ್ತಿದ್ದಳು, ಸಾಸಿವೆ ಸಿಡಿಯುವುದನ್ನು ಕಿವಿಯಲ್ಲೇ ಅಳೆದು ಒಲೆ ಆರಿಸುತ್ತಿದ್ದಳು, ಬಡಿಸಿದ ಮೇಲೆ ಸೆರಗಿಗೆ ಕೈ ಒರೆಸಿಕೊಂಡು ಹೇಗೆ ಎದುರಿಗೆ ಕೂರುತ್ತಿದ್ದಳು. ಹೆಂಡತಿಯ ಬಗ್ಗೆ ಅಷ್ಟು ಪ್ರೀತಿಯಿಂದ ಅವನು ಮದುವೆಯಾದ ಇಷ್ಟು ವರ್ಷದಲ್ಲಿ ಯಾರ ಹತ್ತಿರವೂ ಮಾತಾಡಿರಲಿಲ್ಲ. ಪ್ರೀತಿ ಸುಳ್ಳಲ್ಲ. ಅದಕ್ಕೇ ಅದು ಇನ್ನೂ ಹೇಸಿಗೆಯಾಗಿತ್ತು.

ಇದಕ್ಕಿಂತ ಕೆಟ್ಟದ್ದು ಬಸ್ ಡ್ರೈವರ್. ನಿವೃತ್ತ ಮನುಷ್ಯ, ದೊಡ್ಡ ದೇಹ, ಚಕ್ರ ಹಿಡಿದು ಹಿಡಿದು ಬೆರಳುಗಳು ಇನ್ನೂ ಅರೆ ಮಡಚಿಕೊಂಡೇ ಇದ್ದವು. ಅವನು ಈ ದೇಶದವನೇ. ಅಂಗಡಿಯ ಹೆಂಗಸೇ ಒಂದು ದಿನ ಅವನನ್ನು ಕರೆತಂದು ಇವನ ಮೇಜಿನಲ್ಲಿ ಕೂರಿಸಿದಳು: "ಇವರದ್ದೂ ನಿಮ್ಮ ಹಾಗೇ." ಆಮೇಲೆ ಡ್ರೈವರ್ ದಿನಾ ಅಲ್ಲೇ ಕೂತ. ಮೊದಮೊದಲು ಬರೀ ಊಟ. ಆಮೇಲೆ ಒಂದೊಂದೇ ಮಾತು. ಹೆಂಡತಿಯ ಚಪ್ಪಲಿಯನ್ನು ಬಾಗಿಲ ಹತ್ತಿರದಿಂದ ಇನ್ನೂ ತೆಗೆದಿಲ್ಲ ಅಂದ. ಹಾಸಿಗೆಯಲ್ಲಿ ತನ್ನ ಬದಿಯಲ್ಲೇ ಮಲಗುತ್ತೇನೆ, ಅವಳ ಬದಿಗೆ ಕಾಲು ಚಾಚಿಲ್ಲ ಅಂದ. ಕೊನೆಯ ವಾರ ಆಸ್ಪತ್ರೆಯಲ್ಲಿ ಅವಳು ನೀರು ಕೇಳಿದಾಗ ತನಗೆ ಸಿಟ್ಟು ಬಂದಿತ್ತು, ಗದರಿದ್ದೆ, ಇದನ್ನು ಮಗಳಿಗೂ ಹೇಳಿಲ್ಲ ಅಂದ. ಹೇಳಿ, ತಲೆ ತಗ್ಗಿಸಿ, ಇವನ ಉತ್ತರಕ್ಕೆ ಕಾದ. ಇವನು ಏನಾದರೂ ಹೇಳಲೇಬೇಕಾಗಿತ್ತು. "ಅವರಿಗೆ ಗೊತ್ತಿರತ್ತೆ. ಹೆಂಡತಿಯರಿಗೆ ಗೊತ್ತಿರತ್ತೆ" ಅಂದಿದ್ದ. ಡ್ರೈವರ್ ಆ ದೊಡ್ಡ ಕೈಯನ್ನು ಇವನ ಕೈಯ ಮೇಲೆ ಇಟ್ಟು, "ನಿಮ್ಮವರು ಹೋಗಿದ್ದು ಹೇಗೆ?" ಎಂದು ಕೇಳಿದ್ದ. "ಜ್ವರ" ಎಂದಿತ್ತು ಇವನ ಬಾಯಿ.

ಇವತ್ತು ಬಾಗಿಲು ತಳ್ಳಿದಾಗ ಡ್ರೈವರ್ ಆಗಲೇ ಬಂದು ಕೂತಿದ್ದ. ಇವನನ್ನು ಕಂಡು ಎದುರಿನ ಕುರ್ಚಿಯನ್ನು ಕಾಲಿನಿಂದ ಹೊರಗೆ ತಳ್ಳಿಕೊಟ್ಟ. ಸಾರು ಬಂತು, ತಟ್ಟೆಗಳು ಬಂದವು, ಮೊಟ್ಟೆ ಬಂತು. ಬೆಳಗಿನ ಕಿರಿಕಿರಿ ಮೊದಲ ಚಮಚಕ್ಕೇ ಕರಗಿತು. ತನ್ನ ಮನಸ್ಸು ಎಷ್ಟು ಅಗ್ಗಕ್ಕೆ ಕರಗುತ್ತದೆ ಎಂಬುದೂ ಒಂದು ಅವಮಾನವೇ ಎಂದುಕೊಳ್ಳುತ್ತ ಎರಡನೆಯ ಚಮಚ ತೆಗೆದ. ಬಾಗಿಲಿನ ಗಂಟೆ ಕಿಣಿ ಎಂದಿತು. ತಣ್ಣನೆ ಗಾಳಿ ಬೆನ್ನಿಗೆ ಬಡಿಯಿತು. ಆ ಗಾಳಿಯ ಜೊತೆ ಸುಟ್ಟ ವಾಸನೆ.

"ರೀ."

ಈ ದೇಶದ ಯಾವ ಹೋಟೆಲಿನಲ್ಲೂ ಅವನು ಕೇಳಿರದ ಆ ಒಂದಕ್ಷರ. ತಿರುಗಿದ. ಹೆಂಡತಿ ನಿಂತಿದ್ದಳು. ಕೋಟಿನ ಗುಂಡಿ ಅಡ್ಡಾದಿಡ್ಡಿ ಹಾಕಿಕೊಂಡಿದ್ದಳು, ಒಂದು ಕೆನ್ನೆಗೆ ಮಸಿ, ಕಾಲಲ್ಲಿ ಮನೆಯೊಳಗಿನ ಚಪ್ಪಲಿ. "ಲ್ಯಾಬಿಗೆ ಹೋದೆ. ನಿಮ್ಮ ಜೊತೆಯವರು ಇಲ್ಲಿದ್ದೀರಿ ಅಂದ್ರು" ಅಂದಳು. ಉಸಿರು ಏರಿಳಿಯುತ್ತಿತ್ತು. "ಕಾಳು ಬೇಯಕ್ಕೆ ಇಟ್ಟು ಬಟ್ಟೆ ಮಡಚ್ತಾ ಕೂತಿದ್ದೆ. ನೀರೆಲ್ಲ ಇಂಗಿ ಹೊತ್ತಿಕೊಂಡಿದೆ, ನಂಗೆ ಗೊತ್ತೇ ಆಗ್ಲಿಲ್ಲ ರೀ. ಮನೆ ತುಂಬ ಹೊಗೆ. ಹೊಗೆಯ ಅಲಾರಾಂ ಕೂಗ್ಕೊಂಡಾಗಲೇ ನೋಡಿದ್ದು. ಪಕ್ಕದ ಮನೆಯವರು ಬಾಗಿಲು ಬಡಿದು ಒಳಗೆ ಬಂದು ಒಲೆ ಆರಿಸಿ..." ಅಷ್ಟಕ್ಕೆ ನಿಲ್ಲಿಸಿದಳು. ಅವಳ ಕಣ್ಣು ಮೇಜಿನ ಮೇಲೆ ಹರಿದಾಡಿತು, ಕೆಂಪು ಸಾರು, ತಟ್ಟೆಗಳು, ಅವನ ಹಣೆಯ ಬೆವರು. ಮಧ್ಯಾಹ್ನಕ್ಕೆ ಅವಳು ಕಟ್ಟಿಕೊಟ್ಟ ಡಬ್ಬಿ ಅಲ್ಲೆಲ್ಲೂ ಇರಲಿಲ್ಲ.

ಅಂಗಡಿಯ ಹೆಂಗಸು ಆಗಲೇ ಬಂದು ಅವಳ ತೋಳು ಹಿಡಿದಿದ್ದಳು. "ಯಾರಿವರು?" ಎಂದು ಇವನನ್ನು ಕೇಳಿದಳು. ಡ್ರೈವರ್ ಮರ್ಯಾದೆಗೆ ಅರೆ ಎದ್ದು ನಿಂತಿದ್ದ. ಕಿಂಡಿಯಲ್ಲಿ ಎರಡು ಕೈಗಳೂ ನಿಂತವು. ಉತ್ತರ ಹೇಳಲು ಬೇಕಾದ ಪದ ಈ ಭಾಷೆಯಲ್ಲಿ ತೀರ ಸುಲಭದ್ದು, ಮೊದಲ ಪಾಠದ್ದು. ಅವನ ಬಾಯಿ ಅದರ ಪಕ್ಕದ ಪದವನ್ನು ಹೇಳಿತು.

"ತಂಗಿ."

ಹೆಂಡತಿ ವಾರಕ್ಕೆರಡು ಬೆಳಿಗ್ಗೆ ಹೆಂಗಸರಿಗಾಗಿ ನಡೆಸುವ, ಈ ದೇಶದ ಭಾಷೆಯ ತರಗತಿಗೆ ಹೋಗುತ್ತಿದ್ದಳು. ಅಪ್ಪ, ಅಮ್ಮ, ಅಣ್ಣ, ತಂಗಿ; ಚಿತ್ರ ತೋರಿಸಿ ಹೇಳಿಸುತ್ತಾರೆ ಎಂದು ನಗುತ್ತ ಬಂದು ಒಪ್ಪಿಸಿದ್ದಳು. ಅವಳು ಅವನನ್ನು ನೋಡಿದಳು. ಸಿಟ್ಟಾಗಲಿಲ್ಲ, ತನಗೆ ಸರಿಯಾಗಿ ಕೇಳಿಸಿತೋ ಇಲ್ಲವೋ ಎಂದು ಕಿವಿಯನ್ನು ಅನುಮಾನಿಸುವವರ ಹಾಗೆ, ಇನ್ನೊಂದು ಇಂದ್ರಿಯವೂ ಕೈಕೊಟ್ಟಿತೇ ಎಂದು ಹೆದರಿದವರ ಹಾಗೆ ನೋಡಿದಳು. "ತಂಗಿನಾ?" ಅಂದಳು ಕನ್ನಡದಲ್ಲಿ, ಮೆಲ್ಲಗೆ.

"ಆಮೇಲೆ ಹೇಳ್ತೀನಿ. ಕೂತ್ಕೋ."

ಅವಳು ಕೂತಳು. ಅಂಗಡಿಯ ಹೆಂಗಸು ಒದ್ದೆ ಬಟ್ಟೆ ತಂದು ಅವಳ ಕೆನ್ನೆಯ ಮಸಿಯನ್ನು ತಾನೇ ಒರೆಸಿದಳು, ಬಾರ್ಲಿ ಹುರಿದು ಕಾಯಿಸಿದ ನೀರು ಕೊಟ್ಟಳು, ಇನ್ನೊಂದು ಕಲ್ಲಿನ ಬಟ್ಟಲು ತಂದಿಟ್ಟಳು. ಪಕ್ಕದ ಕುರ್ಚಿ ಎಳೆದುಕೊಂಡು ಕೂತು, ಅವಳ ಮೊಣಕೈ ಸವರುತ್ತ, ಅರ್ಥವಾಗಲೆಂದು ಒಂದೊಂದೇ ಪದ ಬಿಡಿಸಿ ಹೇಳತೊಡಗಿದಳು. "ನಿಮ್ಮ ಅಣ್ಣ ಒಳ್ಳೆಯವನು. ಹೆಂಡತಿ ಅಂದ್ರೆ ಜೀವ. ದಿನಾ ಅವಳದ್ದೇ ಮಾತು. ಅವಳ ಕೈ ಹೇಗಿತ್ತು, ಅಡುಗೆ ಹೇಗಿತ್ತು. ಹುಳಿ ಹಿಂಡೋದು, ಎಣ್ಣೆ ಸಿಡಿಯೋದು. ನಾನು ಅವಳನ್ನ ನೋಡಿಲ್ಲ, ಆದ್ರೆ ನೋಡಿದ ಹಾಗೇ. ಪಾಪ, ಇಷ್ಟು ಬೇಗ ಹೋಗಬಾರದಿತ್ತು."

ಹೆಂಡತಿ ಚಮಚ ಎತ್ತಿ ಸಾರು ಬಾಯಿಗಿಟ್ಟಳು. ಅವನು ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದ. ಅವಳು ನುಂಗಿದಳು, ಕಣ್ಣು ಅಗಲವಾಯಿತು. ಇನ್ನೊಂದು ಚಮಚ. ಕಿಮ್ಚಿಯ ತುಂಡೊಂದನ್ನು ಬೆರಳಲ್ಲೇ ಎತ್ತಿ ಬಾಯಿಗೆ ಹಾಕಿ ಕರುಕುರು ಅಗಿದಳು. ಮೂಗಿನಿಂದ ನೀರು ಇಳಿಯಿತು, ಹಣೆಯಲ್ಲಿ ಬೆವರೊಡೆಯಿತು. "ರೀ, ಉರೀತಿದೆ" ಅಂದಳು. ದನಿಯಲ್ಲಿ ಅವನು ಮರೆತೇಬಿಟ್ಟಿದ್ದ ಒಂದು ಸಣ್ಣ ಹುಡುಗಿಯಿತ್ತು. "ಬಾಯಲ್ಲಿ ಉರೀತಿದೆ. ಇಲ್ಲಿ, ನಾಲಿಗೆ ತುದೀಲಿ. ಗೊತ್ತಾಗ್ತಿದೆ ನಂಗೆ." ಕುದಿಯುವುದು, ತಣ್ಣಗಿರುವುದು, ಗರಿಗರಿ, ಮೆತ್ತಗೆ, ಉರಿ, ರುಚಿ ಎಂದು ಹೆಸರಿಲ್ಲದ ಎಲ್ಲವೂ ಅವಳಿಗೆ ಉಳಿದಿತ್ತು. ಅವಳು ಒಂದು ತಟ್ಟೆಯಿಂದ ಇನ್ನೊಂದಕ್ಕೆ ಕೈ ಹಾಕುತ್ತ ತಿಂದಳು. ಆಮೇಲೆ ಚಮಚ ಹಿಡಿದ ಕೈ ಗಾಳಿಯಲ್ಲೇ ನಿಂತಿತು. "ನಿಮ್ಮ ಹೊಟ್ಟೆಗೆ ಖಾರ ಆಗಲ್ಲ ಅಂದಿದ್ರಿ."

ತನ್ನ ಮನೆಯಲ್ಲಿ ಅವಳ ಬಾಯಿಗೆ ಉಳಿದಿದ್ದ ಒಂದೇ ಒಂದನ್ನು ಮೇಲಿನ ಕಪಾಟಿಗೆ ಎತ್ತಿಡಿಸಿದವನು ತಾನು. ಕೇಳಿದ್ದರೆ ಹೇಳುತ್ತಿದ್ದಳು, ಕೇಳಿರಲಿಲ್ಲ. ಕೇಳುವವಳು ಯಾವಾಗಲೂ ಅವಳೇ ಆಗಿದ್ದಳು.

ಅವಳು ಮತ್ತೆ ತಿನ್ನತೊಡಗಿದಳು. ಬಾಯಿ ತುಂಬಿದ್ದಂತೆಯೇ, ತಟ್ಟೆಯ ಮೇಲೇ ಕಣ್ಣಿಟ್ಟು, ಪೇಟೆಗೆ ಹೋಗಿ ಬಂದದ್ದನ್ನು ವಿಚಾರಿಸುವ ದನಿಯಲ್ಲಿ ಕೇಳಿದಳು: "ನಾನು ಯಾವಾಗ ಸತ್ತೆ ರೀ?"

"ಹೋದ ಚಳಿಗಾಲ."

"ಏನಾಗಿ?"

"ಜ್ವರ."

"ಹೂಂ" ಅಂದಳು. ಅಗಿದು ನುಂಗಿದಳು. "ಅದು ನಿಜಾನೇ."

ಕನ್ನಡ ಬಾರದ ಡ್ರೈವರ್ ಅಣ್ಣ ತಂಗಿ ದುಃಖ ಹಂಚಿಕೊಳ್ಳುತ್ತಿದ್ದಾರೆಂದು ತಿಳಿದು ಇಷ್ಟು ಹೊತ್ತು ತನ್ನ ಬಟ್ಟಲನ್ನೇ ನೋಡುತ್ತಿದ್ದ. ಈಗ ಗಂಟಲು ಸರಿಮಾಡಿಕೊಂಡ. "ಅಮ್ಮಾ, ಒಂದು ಮಾತು" ಅಂದ ಅವಳಿಗೆ. "ನಿಮ್ಮಣ್ಣ ಇಲ್ದಿದ್ರೆ ನಾನು ಈ ವರ್ಷ ದಾಟ್ತಿರಲಿಲ್ಲ. ಮನೆಯವರ ಹತ್ತಿರ ಆಗದ ಮಾತು ಇವರ ಹತ್ತಿರ ಆಡಿದೀನಿ. ಹೆಂಡತಿ ಕಳ್ಕೊಂಡವನಿಗೇ ಅದು ತಿಳಿಯೋದು." ಕೋಟಿನ ಒಳಜೇಬಿನಿಂದ ಒಂದು ಫೋಟೋ ತೆಗೆದು, ಮೇಜಿನ ಮೇಲೆ ಒದ್ದೆ ಇಲ್ಲದ ಜಾಗ ಹುಡುಕಿ ಅವಳ ಮುಂದಿಟ್ಟ. ಇವನಿಗೆ ಅದನ್ನು ಅವನು ಎಂದೂ ತೋರಿಸಿರಲಿಲ್ಲ. ಬಸ್ಸಿನ ಮೆಟ್ಟಿಲ ಮೇಲೆ ನಿಂತು ಬಿಸಿಲಿಗೆ ಕಣ್ಣು ಕಿರಿದು ಮಾಡಿದ ದಪ್ಪ ಹೆಂಗಸು. "ಇವಳೇ. ಕೊನೆಗೆ ನೀರು ಕೇಳಿದಾಗ..." ಎಂದವನು ಅಲ್ಲಿಗೇ ನಿಲ್ಲಿಸಿ, ಇವನ ಕಡೆ ನೋಡಿ ತಲೆಯಾಡಿಸಿದ, ನಿಮಗೆ ಗೊತ್ತಲ್ಲ ಎಂಬಂತೆ.

ಹೆಂಡತಿ ಕೈ ಒರೆಸಿಕೊಂಡು ಫೋಟೋವನ್ನು ಅಂಚು ಹಿಡಿದು ಎತ್ತಿದಳು. ತುಂಬಾ ಹೊತ್ತು ನೋಡಿದಳು. ಅವಳ ಕಣ್ಣಿಂದ ನೀರು ಇಳಿಯತೊಡಗಿತು. ಅಲಾರಾಂ ಕೂಗಿದ್ದಕ್ಕೆ, ತಂಗಿಯಾದದ್ದಕ್ಕೆ, ಸತ್ತದ್ದಕ್ಕೆ, ಖಾರಕ್ಕೆ, ಇಲ್ಲ ಈ ಗುರುತಿಲ್ಲದ ಹೆಂಗಸಿಗೆ, ಯಾವುದಕ್ಕೆಂದು ಅವನಿಗೆ ತಿಳಿಯಲಿಲ್ಲ. ತರಗತಿಯಲ್ಲಿ ಕಲಿತ ನಿಧಾನದ, ತಪ್ಪಿಲ್ಲದ ಮಾತಿನಲ್ಲಿ ಅವಳು ಡ್ರೈವರನಿಗೆ ಹೇಳಿದಳು: "ಚೆನ್ನಾಗಿದ್ದಾರೆ. ನಗು ಚೆನ್ನಾಗಿದೆ." ಡ್ರೈವರ್ ಮೇಜಿನ ಅಂಚು ಹಿಡಿದುಕೊಂಡ. ಅವನ ಅರೆ ಮಡಚಿದ ಬೆರಳುಗಳ ಮೇಲೆ ಅವಳು ತನ್ನ ಕೈಯಿಟ್ಟಳು.

ಅವಳು ಬಾಯಿ ಬಿಡುವುದಿಲ್ಲ ಎಂದು ಅವನಿಗೆ ಆಗ ಸ್ಪಷ್ಟವಾಯಿತು. ಇವತ್ತೂ ಬಿಡುವುದಿಲ್ಲ, ನಾಳೆಯೂ ಬಿಡುವುದಿಲ್ಲ; ಅವನು ಸತ್ತವಳೆಂದರೆ ಸತ್ತವಳಾಗಿ, ತಂಗಿಯೆಂದರೆ ತಂಗಿಯಾಗಿ ಎದುರಿಗೆ ಕೂತು ಅವನ ಮರ್ಯಾದೆ ಕಾಯುತ್ತಾಳೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಮೇಜಿನ ಮೇಲಿನ ಆ ಎರಡು ಕೈಗಳನ್ನು ತಡೆದುಕೊಳ್ಳಲಾಗಲಿಲ್ಲ. ಎದ್ದು ನಿಂತ. ಏಕೆ ನಿಂತನೋ, ಶಾಲೆಯಲ್ಲಿ ತಪ್ಪೊಪ್ಪಿಕೊಳ್ಳುವವರು ನಿಲ್ಲುತ್ತಿದ್ದರು.

"ಇವಳು ತಂಗಿಯಲ್ಲ" ಅಂದ. "ನನ್ನ ಹೆಂಡತಿ."

ಅಂಗಡಿಯ ಹೆಂಗಸಿನ ಮುಖ ಮೊದಲು ಅರಳಿತು. "ಮತ್ತೆ ಮದುವೆ? ಹೇಳಲೇ ಇಲ್ಲ!"

"ಅಲ್ಲ. ಇವಳೇ. ಇದ್ದದ್ದು ಇವಳೊಬ್ಬಳೇ. ಸತ್ತಿಲ್ಲ. ಯಾರೂ ಸತ್ತಿಲ್ಲ."

ಅವನ ವ್ಯಾಕರಣ ಎಂದೂ ಇಷ್ಟು ಸರಿಯಾಗಿರಲಿಲ್ಲ. ಪಕ್ಕದ ಮೇಜಿನವರು ತಿರುಗಿ ನೋಡಿದರು. ಅಂಗಡಿಯ ಹೆಂಗಸು ಅವನ ಹೆಂಡತಿಯ ಮೊಣಕೈಯಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು. ಆ ಮೊಣಕೈಯನ್ನು, ಆ ಮುಖವನ್ನು ಒಂದೊಂದಾಗಿ ನೋಡಿದಳು, ಇಷ್ಟು ದಿನ ಕತೆಯಲ್ಲಿ ಕೇಳಿದವಳನ್ನು ಗುರುತು ಹಿಡಿಯುವ ಹಾಗೆ. ಡ್ರೈವರ್ ಮಾತ್ರ ಇನ್ನೂ ಅರ್ಥಮಾಡಿಕೊಳ್ಳುತ್ತಲೇ ಇದ್ದ. ಅವನ ದೊಡ್ಡ ಮುಖದಲ್ಲಿ ಅದು ನಿಧಾನವಾಗಿ ಇಳಿಯುವುದು ಕಾಣುತ್ತಿತ್ತು.

"ಹಾಗಾದ್ರೆ ನಾನು ಹೇಳಿದ್ದೆಲ್ಲ?" ಅಂದ.

ಇವನು ಕುರ್ಚಿಯ ಬೆನ್ನು ಹಿಡಿದುಕೊಂಡ.

"ನೀರಿನ ವಿಷಯ" ಅಂದ ಡ್ರೈವರ್. "ಅವರಿಗೆ ಗೊತ್ತಿರತ್ತೆ ಅಂದಿರಿ. ನಾನು ನಂಬಿದೆ. ಆ ಮಾತು ಹಿಡ್ಕೊಂಡು ಮಲಗ್ತಿದ್ದೆ." ದನಿ ಏರಲಿಲ್ಲ. ಫೋಟೋವನ್ನು ಅವಳ ಕೈಯಿಂದ ಮೆತ್ತಗೆ ತೆಗೆದುಕೊಂಡು, ಅದರ ಮೇಲೇನಾದರೂ ಚೆಲ್ಲಿದೆಯೇ ಎಂದು ನೋಡಿ, ಜೇಬಿಗೆ ಸೇರಿಸಿದ. ಟೋಪಿ ತೆಗೆದುಕೊಂಡ. ಅವನ ಬಟ್ಟಲಲ್ಲಿ ಅರ್ಧಕ್ಕಿಂತ ಹೆಚ್ಚು ಸಾರು ಉಳಿದಿತ್ತು. ಬಾಗಿಲಿನ ಗಂಟೆ ಕಿಣಿ ಎಂದಿತು.

ಹೆಂಡತಿ ಕುರ್ಚಿ ಹಿಂದೆ ತಳ್ಳಿ ಎದ್ದಳು. ಅವನು ಅವಳ ತೋಳು ಹಿಡಿಯಲು ಕೈ ಚಾಚಿದ. "ಇವಳೇ, ನೋಡು, ನಾನು..." ಅಂದ.

"ನೀವು ಊಟ ಮಾಡಿ" ಅಂದಳು ಅವಳು. ಮನೆಯಲ್ಲಿ ಬಡಿಸಿದ ಮೇಲೆ ಹೇಳುವ ಅದೇ ದನಿ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಮನೆಯೊಳಗಿನ ಚಪ್ಪಲಿಯನ್ನು ಎಳೆದುಕೊಂಡು ಹೊರಗೆ ಹೋದಳು.

ಅಂಗಡಿಯ ಹೆಂಗಸು ಎದ್ದು, ಆಗಲೇ ಶುಚಿಯಾಗಿದ್ದ ಪಕ್ಕದ ಮೇಜನ್ನು ಅವನಿಗೆ ಬೆನ್ನು ಮಾಡಿ ಒರೆಸತೊಡಗಿದಳು. ಅವನು ಕೂತ. ಕೂರದೆ ಬೇರೇನು ಮಾಡುವುದೆಂದು ಹೊಳೆಯಲಿಲ್ಲ. ಗಾಜಿನ ಆವಿಯಲ್ಲಿ ಯಾರೋ ಒರಗಿ ಅಳಿಸಿದ ಜಾಗವೊಂದಿತ್ತು, ಅದರೊಳಗೆ ರಸ್ತೆ ಕಾಣುತ್ತಿತ್ತು. ಬಸ್ ನಿಲ್ದಾಣದ ಹತ್ತಿರ ಅವಳು ಡ್ರೈವರನನ್ನು ಹಿಡಿದಿದ್ದಳು. ಅವನು ಮುಖ ಆಚೆ ತಿರುಗಿಸಿ ನಿಂತಿದ್ದ. ಅವಳು ಮಾತಾಡುತ್ತಿದ್ದಳು. ಅಂಗಡಿಯಲ್ಲಿ ಹಾಲು ಕೇಳಲೂ ಅವನನ್ನು ಮುಂದೆ ತಳ್ಳುತ್ತಿದ್ದವಳು ಕೈ ಆಡಿಸುತ್ತ, ಪದ ಸಿಗದಾಗ ನಿಂತು ಹುಡುಕುತ್ತ, ಸಿಕ್ಕ ಕೂಡಲೇ ಮುಂದುವರಿಯುತ್ತ ಮಾತಾಡುತ್ತಿದ್ದಳು. ಒಂದು ಬಸ್ಸು ಬಂದು ಅವರನ್ನು ಮರೆಮಾಡಿತು. ಹೋಯಿತು. ಇಬ್ಬರೂ ಅಲ್ಲೇ ಇದ್ದರು. ಡ್ರೈವರ್ ಈಗ ಅವಳ ಎತ್ತರಕ್ಕೆ ಬಗ್ಗಿ ಕೇಳುತ್ತಿದ್ದ. ಏನು ಹೇಳುತ್ತಿದ್ದಾಳೆ? ತನ್ನ ಬಗ್ಗೆಯೋ, ಜ್ವರದ ಬಗ್ಗೆಯೋ, ಹೆಂಡತಿಯರಿಗೆ ನಿಜವಾಗಿ ಏನು ಗೊತ್ತಿರುತ್ತದೆ ಎಂಬ ಬಗ್ಗೆಯೋ? ಅದು ಅವನಿಗೆ ಎಂದೂ ತಿಳಿಯುವುದಿಲ್ಲ. ಕೇಳುವ ಹಕ್ಕನ್ನು ಅವನು ಒಂದು ಮಧ್ಯಾಹ್ನದಿಂದ ಇನ್ನೊಂದಕ್ಕೆ ಸ್ವಲ್ಪ ಸ್ವಲ್ಪವಾಗಿ ತಿಂದು ಮುಗಿಸಿದ್ದ.

ಕಲ್ಲಿನ ಬಟ್ಟಲು ಇನ್ನೂ ಬಿಸಿ ಬಿಟ್ಟಿರಲಿಲ್ಲ. ಎದ್ದು ಹೋಗಬೇಕು, ಈ ಊಟವನ್ನು ಇನ್ನು ಮುಟ್ಟಬಾರದು, ಮುಟ್ಟಿದರೆ ಮನುಷ್ಯನಲ್ಲ ಎಂದು ಅವನು ತನಗೆ ತಾನೇ ಹೇಳಿಕೊಂಡ. ಹೇಳಿಕೊಳ್ಳುತ್ತಿರುವಾಗಲೇ ಕೈ ಚಮಚವನ್ನು ಎತ್ತಿಕೊಂಡಿತು. ಗಂಟಲು ಮುಚ್ಚಿಕೊಳ್ಳಬಹುದು, ಅನ್ನ ಮಣ್ಣಾಗಬಹುದು ಎಂದು ಅವನು ಕಾದ. ಹಾಗೇನೂ ಆಗಲಿಲ್ಲ. ಹುಳಿ ಹದವಾಗಿತ್ತು, ಖಾರ ಹದವಾಗಿತ್ತು, ಉಪ್ಪು ಕರಾರುವಾಕ್ಕಾಗಿತ್ತು. ತುಂಬಾ ಚೆನ್ನಾಗಿತ್ತು. ಹೊರಗೆ ಅವನ ಹೆಂಡತಿ ಅಪರಿಚಿತನೊಬ್ಬನ ಕೋಟಿನ ತೋಳು ಹಿಡಿದುಕೊಂಡು ನಿಂತಿರುವಾಗ, ಒಳಗೆ ಅವನು ತಲೆ ಬಗ್ಗಿಸಿ, ಒಂದು ಅಗುಳೂ ಬಿಡದೆ ತಿಂದ.